ಮಾತ್ರೆ ನುಂಗುವುದನ್ನು ನೋಡುವವನು

ಜುಲೈ ೧೨, ಮಂಗಳವಾರ. ಮಧ್ಯಾಹ್ನ

ಬೆಳಗಿನಿಂದ ಬಿಡುವಿಲ್ಲ. ಎಲ್ಲರೂ ಬಂದದ್ದು ಕಾಲು ಕೆರೆತಕ್ಕೆ — ಹಾಗೆಂದು ತಮ್ಮ ತುಕಡಿಯಲ್ಲಿ ಹೇಳಿ ಬಂದಿರುತ್ತಾರೆ. ಹಲಗೆಯ ಕಟ್ಟಡ, ಒಂದೇ ಬಾಗಿಲು. ಎಡಕ್ಕೆ ತಿರುಗಿದರೆ ಚರ್ಮದ ಮುಲಾಮು ಕೊಡುವ ಕೋಣೆ, ಬಲಕ್ಕೆ ತಿರುಗಿದರೆ ನಾನು, ಮನೋವೈದ್ಯೆ. ಹೊರಗಿನಿಂದ ನೋಡಿದವರಿಗೆ ಯಾರು ಯಾವ ಕಡೆ ತಿರುಗಿದರೆಂದು ತಿಳಿಯುವುದಿಲ್ಲ. ಈ ಲೆಕ್ಕದಲ್ಲಿ ಇಡೀ ಕಂದಹಾರ್ ಪ್ರಾಂತ್ಯದಲ್ಲಿ ಒಬ್ಬ ಅಮೆರಿಕನ್ ಸೈನಿಕನ ಕಾಲೂ ನೆಟ್ಟಗಿಲ್ಲ.

ಏರ್ ಕಂಡಿಷನರ್ ಮತ್ತೆ ಕೆಟ್ಟಿದೆ. ನನ್ನ ಕೋಣೆಯದು ಮಾತ್ರ. ಔಷಧಿಯ ಕಪಾಟಿರುವ ಕೋಣೆಯದನ್ನು ಒಂದು ಗಂಟೆಯೊಳಗೆ ಸರಿಮಾಡಿದರು. ಸರಿಯೇ. ನಾನು ಕೆಟ್ಟರೆ ಇನ್ನೊಬ್ಬಳನ್ನು ಕಳುಹಿಸುತ್ತಾರೆ; ಮಾತ್ರೆ ಕೆಟ್ಟರೆ ಗಸ್ತು ನಿಲ್ಲುತ್ತದೆ.

ಕೊನೆಗೆ ಬಂದವನು ಕಾಲಿನ ನೆಪ ಹೇಳಲಿಲ್ಲ. ಅವನನ್ನು ಅವನ ಸಾರ್ಜೆಂಟ್ ಕೊರಳಪಟ್ಟಿ ಹಿಡಿದು ತಂದ. ಸಾರ್ಜೆಂಟ್ ರೂಫಸ್ ಟಿಡ್‌ವೆಲ್ — ವೆಸ್ಟ್ ವರ್ಜೀನಿಯಾದವನು, ಯುದ್ಧಕ್ಕೆ ಬಂದಿರುವುದು ಇದು ಮೂರನೆಯ ಸಲ, ಕೆಳದುಟಿಯೊಳಗೆ ಸದಾ ತಂಬಾಕು, ಉಗುಳಲು ಕೈಯಲ್ಲೊಂದು ಖಾಲಿ ಬಾಟಲಿ. ಹುಡುಗನ ಹೆಸರು ಎಮಿಲ್ ಲ್ಯಾಂಡ್ರಿ. ಇಪ್ಪತ್ತು ವರ್ಷ. ಲೂಯಿಸಿಯಾನಾದ ಕರಾವಳಿ, ತಂದೆಗೆ ಸಿಗಡಿ ಹಿಡಿಯುವ ದೋಣಿ.

"ಇವ್ನನ್ನ ಒಂಚೂರು ರಿಪೇರಿ ಮಾಡ್ಕೊಡಿ ಮೇಡಂ. ಒಳ್ಳೆ ಹುಡುಗ, ಎಂಜಿನ್ ಬಿಸಿಯಾಗಿದೆ ಅಷ್ಟೇ."

"ನಂಗೇನೂ ಆಗಿಲ್ಲ ಮೇಡಂ. ಸಾರ್ಜೆಂಟ್‌ಗೆ ನನ್ನ ಮುಖ ಕಂಡ್ರಾಗಲ್ಲ."

"ನಿನ್ನ ಮುಖ ನಿಮ್ಮಮ್ಮಂಗೂ ಆಗಲ್ಲ ಕಣೋ. ಆದ್ರೂ ವಾಪಸ್ ತಲುಪಿಸ್ಬೇಕಲ್ಲ."

ಹುಡುಗನನ್ನು ಹೊರಗೆ ಕೂರಿಸಿ ಟಿಡ್‌ವೆಲ್ ಉಳಿದದ್ದನ್ನು ಹೇಳಿದ. ಕಳೆದ ತಿಂಗಳು ದಾಳಿಂಬೆ ತೋಟದಲ್ಲಿ ಲ್ಯಾಂಡ್ರಿಯ ಗೆಳೆಯ ನೆಲಬಾಂಬಿಗೆ ಬಲಿಯಾದ. ಅಂದಿನಿಂದ ಇವನಿಗೆ ನಿದ್ದೆಯಿಲ್ಲ. ಇಂದು ಬೆಳಿಗ್ಗೆ ಸ್ನಾನದ ಡೇರೆಯಲ್ಲಿ ಬಂದೂಕಿನ ಬಾಯನ್ನು ಗಲ್ಲಕ್ಕೆ ಒತ್ತಿ ಕುಳಿತಿದ್ದನಂತೆ. ಕೇಳಿದರೆ, ಸ್ವಚ್ಛ ಮಾಡುತ್ತಿದ್ದೆ ಎಂದನಂತೆ. ಟಿಡ್‌ವೆಲ್ ಬೈಯಲಿಲ್ಲ, ಬೊಬ್ಬೆ ಹಾಕಲಿಲ್ಲ. ಗುಂಡು ಹಾರಲು ಬೇಕಾದ ಬೋಲ್ಟನ್ನು ಬಂದೂಕಿನಿಂದ ಕಳಚಿ ತನ್ನ ಎದೆಯ ಜೇಬಿಗೆ ಹಾಕಿಕೊಂಡು ಬಂದೂಕನ್ನು ಹುಡುಗನ ಹೆಗಲಿಗೇ ಹಿಂತಿರುಗಿಸಿದ. ಇಲ್ಲಿ ಬಂದೂಕಿಲ್ಲದೆ ಓಡಾಡುವವನನ್ನು ಎಲ್ಲರೂ ತಿರುಗಿ ನೋಡುತ್ತಾರೆ. ಬೋಲ್ಟ್ ಇಲ್ಲದ ಬಂದೂಕು ದೂರಕ್ಕೆ ಬಂದೂಕಿನಂತೆಯೇ ಕಾಣುತ್ತದೆ. ಮರ್ಯಾದೆ ಉಳಿಸುವ ಪದ್ಧತಿ.

ಖಿನ್ನತೆಯ ಮಾತ್ರೆ ಬರೆದುಕೊಟ್ಟೆ: ಪ್ಯಾರೊಕ್ಸೆಟಿನ್, ಇಪ್ಪತ್ತು ಮಿಲಿಗ್ರಾಂ, ದಿನಕ್ಕೊಂದು. ಎರಡು ವಾರ ಗಸ್ತು ಇಲ್ಲ. ಪ್ರತಿ ಭಾನುವಾರ ನನ್ನಲ್ಲಿಗೆ ಬರಬೇಕು.

ಊರಿನಲ್ಲಾಗಿದ್ದರೆ ಇಂಥವನನ್ನು ಆರು ತಿಂಗಳು ಸಮುದ್ರದ ಗಾಳಿಗೆ ಬಿಡುತ್ತಿದ್ದೆ. ಮಾತ್ರೆ ಆಮೇಲೆ.

ಜುಲೈ ೧೩, ಬುಧವಾರ

ಕ್ಯಾಪ್ಟನ್ ಪ್ರೂಯಿಟ್ ಬಂದಿದ್ದರು. ಲ್ಯಾಂಡ್ರಿಯ ಕಂಪನಿಯ ನಾಯಕ. ನನಗಿಂತ ದರ್ಜೆಯಲ್ಲಿ ಕೆಳಗೆ, ವಯಸ್ಸಿನಲ್ಲಿ ನನ್ನ ಮಗನಷ್ಟು. ಸಭ್ಯರು. ಕೇಳಿದ್ದು ಒಂದೇ ಪ್ರಶ್ನೆ — ಹುಡುಗ ಯಾವಾಗ ಸಿಗುತ್ತಾನೆ?

ಅವನಿಗೇನಾಗಿದೆ ಎಂದು ಕೇಳಲಿಲ್ಲ. ಕೇಳಬೇಕೆಂದು ನಿಯಮವೂ ಇಲ್ಲ. ಮಾತ್ರೆ ಹೊಸದಾಗಿ ಕೊಟ್ಟರೆ, ಪ್ರಮಾಣ ಬದಲಿಸಿದರೆ ಸೈನಿಕ ಠಾಣೆಯೊಳಗೇ ಇರಬೇಕು. ಒಂದು ಪ್ರಮಾಣಕ್ಕೆ ನೆಲೆಗೊಂಡನೆಂದು ನಾನು ಸಹಿ ಹಾಕಿದರೆ ಗೇಟು ದಾಟಬಹುದು. ಇಷ್ಟೇ. ಗುಣವಾದನೇ ಎಂಬುದಕ್ಕೆ ಜಾಗವೇ ಇಲ್ಲ.

ಇಪ್ಪತ್ತೆರಡು ವರ್ಷ ಅಯೋವಾದಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದೆ. ಮನಸ್ಸು ಮುರಿದಾಗ ಮೊದಲು ಮುರಿದ ಜಾಗದಿಂದ ದೂರ ಮಾಡಿ ಎಂದು ಕಲಿಸಿದೆ. ಇಲ್ಲಿ ನನ್ನ ಕೆಲಸ ಅದೇ ಜಾಗಕ್ಕೆ ಮರಳಿ ಕಳುಹಿಸುವುದು, ಆದಷ್ಟು ಬೇಗ.

ಜುಲೈ ೨೪, ಭಾನುವಾರ. ಸಂಜೆ

ಭಾನುವಾರ ಹುಡುಗರೊಂದಿಗೆ ನಡೆಸುವ ಹರಟೆ ಈಗ ನಿಜಕ್ಕೂ ತರಗತಿಯಾಗಿದೆ. ಯುದ್ಧ ಮುಗಿಸಿ ಕಾಲೇಜು ಸೇರಬೇಕೆನ್ನುವ ಹುಡುಗರಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಊಟದ ಡೇರೆಯ ಮೂಲೆ, ಹಳೆಯ ಪಠ್ಯಪುಸ್ತಕ, ಪುಡಿ ಕಲಸಿದ ನಿಂಬೆ ಪಾನಕ. ಇಂದು ಲ್ಯಾಂಡ್ರಿಯೂ ಬಂದ. ಅವನ ಪಕ್ಕ ಡೆಸ್ಮಂಡ್ ಕ್ವಾರ್ಲ್ಸ್ — ಅದೇ ತುಕಡಿಯ ಹತ್ತೊಂಬತ್ತರ ಹುಡುಗ, ಬಾಯಿ ಮುಚ್ಚುವ ಅಭ್ಯಾಸವಿಲ್ಲ. ಕಾವಲು ಗೋಪುರದ ಕೆಲಸ. ಇನ್ನೂ ತೋಟದೊಳಗೆ ಕಾಲಿಟ್ಟಿಲ್ಲ. ದೇವರು ದೊಡ್ಡವನು.

ಹೃದಯದ ಪಾಠ. ಕ್ವಾರ್ಲ್ಸ್ ಕೇಳಿದ, ಮನಸ್ಸು ಹೃದಯದಲ್ಲಿರುತ್ತದೋ ತಲೆಯಲ್ಲೋ ಎಂದು. ನಾನು ಉತ್ತರ ಜೋಡಿಸುವಷ್ಟರಲ್ಲಿ ಲ್ಯಾಂಡ್ರಿ:

"ಸಿಗಡಿಗೆ ಹೃದಯ ತಲೆ ಹತ್ರಾನೇ ಇರೋದು ಮೇಡಂ. ಅದಕ್ಕೇ ಅವು ನಿಮ್ಮ ಹತ್ರ ಬರಲ್ಲ."

ಎಲ್ಲರೂ ನಕ್ಕರು. ಅವನೂ. ಆ ನಗುವಿಗಾಗಿ ಎರಡು ವಾರ ಕಾದಿದ್ದೆ. ನರ್ಸಿಂಗ್ ಓದುವ ಆಸೆಯಂತೆ. ತಂದೆಗೆ ಇನ್ನೂ ಹೇಳಿಲ್ಲವಂತೆ. ಕಾಲೇಜಿಗೆ ಶಿಫಾರಸು ನಾನೇ ಬರೆದುಕೊಡುತ್ತೇನೆಂದೆ. ಕಣ್ಣು ಬೇರೆ ಕಡೆ ತಿರುಗಿಸಿ, ಥ್ಯಾಂಕ್ಸ್ ಮೇಡಂ ಎಂದ.

ಈ ಹುಡುಗನನ್ನು ಇಡಿಯಾಗಿ ಅವನ ತಾಯಿಗೆ ಒಪ್ಪಿಸಬೇಕು. ಉಳಿದದ್ದು ಏನಾದರೂ ಆಗಲಿ... ಹೀಗೆ ಬರೆಯಬಾರದು. ಎಲ್ಲರೂ ನನ್ನವರೇ. ಆದರೂ ಬರೆದೆ.

ಆಗಸ್ಟ್ ೪, ಗುರುವಾರ

ಲ್ಯಾಂಡ್ರಿ ಅಷ್ಟಕ್ಕಷ್ಟೇ. ನಿದ್ದೆ ತುಸು ಬರುತ್ತಿದೆ, ಕನಸುಗಳು ಹೋಗಿಲ್ಲ. ಈ ಹೊತ್ತಿಗೆ ಇನ್ನೂ ಚೇತರಿಕೆ ಕಾಣಬೇಕಿತ್ತು. ನಲವತ್ತಕ್ಕೆ ಏರಿಸಿದೆ. ಗಸ್ತಿನ ವಿನಾಯಿತಿ ಮತ್ತೆ ಎರಡು ವಾರ. ಪ್ರೂಯಿಟ್ ಸುದ್ದಿ ಕೇಳಿ, ಆಗಲಿ ಮೇಡಂ ಎಂದರು, ದವಡೆ ಬಿಗಿದು.

ಟಿಡ್‌ವೆಲ್‌ನನ್ನು ಮೆಚ್ಚಿದೆ. ಹುಡುಗನೊಂದಿಗೆ ಬಂದು ಬಾಗಿಲಿಗೆ ಒರಗಿ ನಿಂತು ಒಂದೊಂದೇ ಕೇಳುತ್ತಾನೆ. ಬಾಯಿ ಒಣಗುವುದು ಎಷ್ಟು ದಿನ? ಕೈ ನಡುಗಿದರೆ ಗುರಿ ತಪ್ಪುತ್ತದೆಯೇ? ಪರಿಣಾಮ ಕಾಣಲು ಎಷ್ಟು ವಾರ? ರಾತ್ರಿ ತೆಗೆದುಕೊಳ್ಳುವುದು ಮೇಲೋ ಬೆಳಿಗ್ಗೆಯೋ? ನನ್ನ ವಿದ್ಯಾರ್ಥಿಗಳು ಕೂಡ ರೋಗಿಯ ಬಗ್ಗೆ ಇಷ್ಟು ಕೇಳುತ್ತಿರಲಿಲ್ಲ. ಅಂತೆಯೇ ಹೇಳಿದೆ. ಬಾಟಲಿಗೆ ಉಗುಳಿ, "ನನ್ನ ಹುಡುಗ್ರು ಮೇಡಂ, ನಾನು ಕೇಳ್ದೆ ಇನ್ಯಾರು ಕೇಳ್ಬೇಕು" ಎಂದ.

ಇಂಥ ಹತ್ತು ಸಾರ್ಜೆಂಟರಿದ್ದರೆ ನನ್ನ ಅಂಗಡಿ ಮುಚ್ಚಬಹುದು.

ಆಗಸ್ಟ್ ೧೯, ಶುಕ್ರವಾರ

ಸಹಿ ಹಾಕಿದೆ. ಲ್ಯಾಂಡ್ರಿ ನೆಲೆಗೊಂಡಿದ್ದಾನೆ, ಗೇಟು ದಾಟಬಹುದು. ಬೋಲ್ಟ್ ಅವನ ಬಂದೂಕಿಗೆ ಮರಳಿತು. ಇನ್ನೊಂದು ವಾರ ತಳ್ಳಬಹುದಿತ್ತು. ಆದರೆ ತುಕಡಿಯಲ್ಲಿ ಇಬ್ಬರಿಗೆ ಭೇದಿ, ಒಬ್ಬ ರಜೆಯಲ್ಲಿ. ಇಷ್ಟು ತಲೆಗಳಿಲ್ಲದೆ ಗೇಟು ತೆರೆಯಕೂಡದೆಂಬ ಲೆಕ್ಕವಿದೆ; ಒಂದು ತಲೆ ಕಡಿಮೆ ಬಿತ್ತು. ಪ್ರೂಯಿಟ್ ಒತ್ತಾಯಿಸಲಿಲ್ಲ. ಬರೀ ಎದುರು ಕುರ್ಚಿಯಲ್ಲಿ ಕುಳಿತಿದ್ದರು.

ಸುಧಾರಿಸಿದ್ದಾನೆ, ಸುಳ್ಳಲ್ಲ. ಆದರೆ ನಲವತ್ತು ಮಿಲಿಗ್ರಾಮಿಗೆ ಇಷ್ಟು ಸಾಲದು.

ಆಗಸ್ಟ್ ೩೧, ಬುಧವಾರ. ಸಂಜೆ

ಲ್ಯಾಂಡ್ರಿ ಇಂದು ತೋಟದ ಮಣ್ಣಿನ ಗೋಡೆಗೆ ಒರಗಿ ಕುಳಿತುಬಿಟ್ಟನಂತೆ. ಏಳಲಿಲ್ಲ. ಟಿಡ್‌ವೆಲ್ ಅವನ ಪಕ್ಕ ಕುಳಿತು, ಸುತ್ತ ಏನೂ ಇಲ್ಲವೆಂಬಂತೆ, ದೋಣಿಯ ಎಂಜಿನ್ ಬಗ್ಗೆ ಕೇಳುತ್ತಾ ಎಬ್ಬಿಸಿ ತಂದ.

ಹುಡುಗನನ್ನು ಕೂರಿಸಿಕೊಂಡು ಕೇಳಿದೆ, ದಿನವೂ ತೆಗೆದುಕೊಳ್ಳುತ್ತಿದ್ದೀಯಾ ಎಂದು. ತಗೋತಾ ಇದೀನಿ ಮೇಡಂ ಎಂದ. ಕಣ್ಣು ನೆಲದಲ್ಲಿ. ಅರ್ಧ ನಿಜ ಹೇಳುವವರ ಕಣ್ಣು ನನಗೆ ಗೊತ್ತು.

ಕೂಡಿಡುತ್ತಿದ್ದಾನೆ. ಬೇರೆ ಅರ್ಥವಿಲ್ಲ. ಒಂದು ದಿನ ಒಟ್ಟಿಗೆ ನುಂಗಲು.

ಸೆಪ್ಟೆಂಬರ್ ೧, ಗುರುವಾರ. ಬೆಳಿಗ್ಗೆ

ಲ್ಯಾಂಡ್ರಿ, ಟಿಡ್‌ವೆಲ್ ಇಬ್ಬರನ್ನೂ ಕರೆಸಿದೆ. ಇಂದಿನಿಂದ ಔಷಧಿಯ ಬಾಟಲಿ ಸಾರ್ಜೆಂಟ್ ಕೈಯಲ್ಲಿ. ದಿನವೂ ಬೆಳಿಗ್ಗೆ ಒಂದು ಮಾತ್ರೆ ಇವರೇ ಕೊಡಬೇಕು, ನುಂಗುವುದನ್ನು ಕಣ್ಣಾರೆ ನೋಡಬೇಕು, ನಾಲಿಗೆ ಎತ್ತಿಸಿ ಪರೀಕ್ಷಿಸಬೇಕು.

ಟಿಡ್‌ವೆಲ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ, "ಪೂರ್ತಿ ಹೋಗ್ದಿದ್ರೆ ಹುಡುಗಂಗೆ ನಿಜವಾಗ್ಲೂ ಅಪಾಯಾನಾ ಮೇಡಂ?" ಎಂದ.

ಲ್ಯಾಂಡ್ರಿಯ ಎದುರಿಗೇ ಹೇಳಿದೆ. ಪೂರ್ತಿ ಪ್ರಮಾಣ ಒಳಗೆ ಹೋಗದಿದ್ದರೆ ಇವನನ್ನು ಕಳೆದುಕೊಳ್ಳುತ್ತೇವೆ. ನಿಮ್ಮನ್ನು ಬಿಟ್ಟರೆ ನನಗೆ ಇನ್ಯಾರ ಮೇಲೂ ನಂಬಿಕೆಯಿಲ್ಲ. ಲ್ಯಾಂಡ್ರಿ ತಲೆಯೆತ್ತಿ ಸಾರ್ಜೆಂಟನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಟಿಡ್‌ವೆಲ್ ಅವನ ಭುಜದ ಮೇಲೆ ಕೈಯಿಟ್ಟು ಒತ್ತಿದ.

"ಆಯ್ತು ಮೇಡಂ. ನಾನ್ ನೋಡ್ಕೋತೀನಿ."

ಹುಡುಗನಿಗೆ ಅವಮಾನವಾಯಿತು, ಪಾಪ. ಇರಲಿ. ಬದುಕಿದ್ದು ಅವಮಾನಪಡಲಿ.

ಸೆಪ್ಟೆಂಬರ್ ೬, ಮಂಗಳವಾರ

ಊಟದ ಡೇರೆಯಲ್ಲಿ ಟಿಡ್‌ವೆಲ್ ಸಿಕ್ಕ. ಒಳಗೂ ಕಪ್ಪು ಕನ್ನಡಕ. ತಟ್ಟೆಯಲ್ಲಿ ಹಾಕಿಸಿಕೊಂಡದ್ದು ಹಾಗೇ ಇತ್ತು. ಯಾರೋ ಹುಡುಗ ಬೆಂಚಿಗೆ ಕಾಲು ತಾಗಿಸಿದ್ದಕ್ಕೆ ಅವನ ಮೇಲೆ ಹರಿಹಾಯ್ದ. ಆಮೇಲೆ ಅವನ ತಟ್ಟೆಗೆ ತನ್ನ ಕೇಕ್ ಎತ್ತಿ ಹಾಕಿದ.

ಲ್ಯಾಂಡ್ರಿ ಹೇಗಿದ್ದಾನೆ ಎಂದೆ. "ಚೆನ್ನಾಗಿ ನುಂಗ್ತಾನೆ ಮೇಡಂ. ಕರು ಹಾಲು ಕುಡ್ದಂಗೆ." ನಕ್ಕೆವು. ಹೊರಡುವಾಗ ಕರೆದು ಕೇಳಿದ: "ತಲೆ ಈ ಕಡೆ ತಿರುಗ್ಸಿದ್ರೆ ಒಳಗೆ ಕರೆಂಟ್ ಹೊಡೆದಂಗೆ ಚುರುಕ್ ಅನ್ನೋದು... ಅದು ಬಿಸಿಲಿಗೂ ಆಗತ್ತಾ?"

ಆಗುತ್ತದೆ, ನೀರು ಕುಡಿಯಿರಿ, ಉಪ್ಪಿನ ಪುಡಿ ಬೆರೆಸಿ ಎಂದೆ. ಹೊರಗೆ ನನಗಾಗಿ ಯಾರೋ ಕಾಯುತ್ತಿದ್ದರು.

ಸೆಪ್ಟೆಂಬರ್ ೮, ಗುರುವಾರ

ಟಿಡ್‌ವೆಲ್.

ತೋಟದಲ್ಲಿ. ಹೆಲಿಕಾಪ್ಟರ್ ಕಂದಹಾರ್ ಮುಟ್ಟುವ ಮೊದಲೇ.

ಸೆಪ್ಟೆಂಬರ್ ೧೧, ಭಾನುವಾರ

ತರಗತಿ ಇಲ್ಲ. ಸ್ಮರಣೆ ಇತ್ತು. ನೆಟ್ಟ ಬಂದೂಕು, ಅದರ ಮೇಲೆ ಹೆಲ್ಮೆಟ್, ಕೆಳಗೆ ಬೂಟು. ಕಂಪನಿಯ ಹಾಜರಿ ಕೂಗುತ್ತಾರೆ. ಬದುಕಿರುವವರು ಒಬ್ಬೊಬ್ಬರೇ ಓಗೊಡುತ್ತಾರೆ. ಕೊನೆಗೆ ಸತ್ತವನ ಹೆಸರು. ಸಾರ್ಜೆಂಟ್ ಟಿಡ್‌ವೆಲ್. ಯಾರೂ ಓಗೊಡುವುದಿಲ್ಲ. ಸಾರ್ಜೆಂಟ್ ರೂಫಸ್ ಟಿಡ್‌ವೆಲ್. ಮತ್ತೊಮ್ಮೆ, ಪೂರ್ತಿ ಹೆಸರು ಹಿಡಿದು. ಇದನ್ನು ಯಾರು ಕಂಡುಹಿಡಿದರೋ. ಎದೆ ಸೀಳಲೆಂದೇ ಮಾಡಿದ ಪದ್ಧತಿ.

ನಡೆದದ್ದನ್ನು ಕ್ವಾರ್ಲ್ಸ್ ಹೇಳಿದ. ಅವನಿಗೆ ಉಳಿದವರು ಹೇಳಿದ್ದು. ಮುಂದಿನವನು ಕೋಲು ಹಿಡಿದು ನೆಲ ಪರೀಕ್ಷಿಸುತ್ತಾ ಹೋಗುತ್ತಾನೆ. ಅವನ ಹಿಂದಿನವನು ಎಳೆಮಕ್ಕಳಿಗೆ ಹಚ್ಚುವ ಪೌಡರ್ ಉದುರಿಸಿ ಗೆರೆ ಎಳೆಯುತ್ತಾನೆ. ಎಲ್ಲರೂ ಆ ಬಿಳಿ ಗೆರೆಯ ಮೇಲೆಯೇ ಹೆಜ್ಜೆ ಇಡಬೇಕು. ಈ ಪಾಠವನ್ನು ತುಕಡಿಗೆ ಬೈದು ಬೈದು ಕಲಿಸಿದವನೇ ಟಿಡ್‌ವೆಲ್. ಅಂದು ಯಾರೋ ಹಿಂದಿನಿಂದ ಕರೆದರು. ತಟ್ಟನೆ ತಲೆ ತಿರುಗಿಸಿದ. ಕುಡಿದವನಂತೆ ಓಲಾಡಿ ಗೆರೆಯಿಂದ ಒಂದು ಹೆಜ್ಜೆ ಆಚೆ ಇಟ್ಟ.

ಓಡಿಹೋಗಿ ಎರಡೂ ತೊಡೆಗೆ ರಕ್ತ ಕಟ್ಟುವ ಪಟ್ಟಿ ಬಿಗಿದವನು ಲ್ಯಾಂಡ್ರಿ. ಕೈ ನಡುಗಲಿಲ್ಲವಂತೆ.

ತಲೆ ತಿರುಗಿಸಿದರೆ ಕರೆಂಟ್ ಹೊಡೆದಂತೆ. ವರ್ಷ ವರ್ಷವೂ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ — ಲ್ಯಾಂಡ್ರಿಗೆ ಕೊಡುತ್ತಿರುವಂಥ ಔಷಧಿಯನ್ನು ಥಟ್ಟನೆ ನಿಲ್ಲಿಸಿದವರು ಬಳಸುವ ಮಾತು ಇದೇ ಎಂದು. ಬೇರೆ ಯಾವ ರೋಗಿಯೂ ಹೀಗೆ ವರ್ಣಿಸುವುದಿಲ್ಲ ಎಂದು.

ಆದರೆ ಅವನಿಗೆ ನಾನು ಯಾವ ಔಷಧಿಯನ್ನೂ ಕೊಟ್ಟಿರಲಿಲ್ಲ...

ಸೆಪ್ಟೆಂಬರ್ ೧೩, ಮಂಗಳವಾರ. ಸಂಜೆ

ಲ್ಯಾಂಡ್ರಿ ತಾನೇ ಬಂದ. ಬಾಗಿಲು ಹಾಕಿದ. ಕೂರಲಿಲ್ಲ.

ಮೊದಲ ದಿನದಿಂದಲೇ ಅರ್ಧ. ಮಾತ್ರೆಯ ನಡುವೆ ಗೀರು ಇದೆಯಲ್ಲ, ಅಲ್ಲಿ ಚಾಕುವಿನಿಂದ ಒತ್ತಿ, ಒಂದು ಚೂರು ಇವನಿಗೆ, ಒಂದು ಚೂರು ಸಾರ್ಜೆಂಟನಿಗೆ. ಟಿಡ್‌ವೆಲ್ ಕೇಳಿರಲಿಲ್ಲ, ಇವನೇ ಕೊಟ್ಟದ್ದು. ಟಿಡ್‌ವೆಲ್ ಬಟ್ಟೆಯ ರಾಶಿಯ ಹಿಂದೆ ಕುಳಿತು ಬಾಯಿಗೆ ಟವೆಲ್ ತುರುಕಿಕೊಂಡು ಅಳುತ್ತಿದ್ದುದನ್ನು ಇವನು ಒಮ್ಮೆ ನೋಡಿದ್ದ. ನನ್ನಲ್ಲಿಗೆ ಬರಬಹುದಿತ್ತಲ್ಲ ಎಂದೆ. ಲ್ಯಾಂಡ್ರಿ ನನ್ನನ್ನು ಮಗುವನ್ನು ನೋಡುವಂತೆ ನೋಡಿದ. ಬಂದಿದ್ದರೆ ಅವರನ್ನು ನೀವು ಗಸ್ತಿನಿಂದ ತೆಗೆಯುತ್ತಿದ್ದಿರಿ ಮೇಡಂ, ತುಕಡಿಗೆ ತೋಟ ಗೊತ್ತಿಲ್ಲದ ಹೊಸ ಸಾರ್ಜೆಂಟ್ ಬರುತ್ತಿದ್ದ, ನಾವೆಲ್ಲ ಸಾಯುತ್ತಿದ್ದೆವು. ನೀರು ಹಂಚಿಕೊಳ್ಳಿ, ಗುಂಡು ಹಂಚಿಕೊಳ್ಳಿ ಎಂದು ಕಲಿಸುತ್ತಾರೆ. ಇದನ್ನೂ ಹಂಚಿಕೊಂಡೆವು.

ಹೌದು. ನಾನು ಪ್ರಮಾಣ ಏರಿಸಿದೆ. ಇಬ್ಬರಿಗೂ ಏರಿತು.

ನಾನು ಕೇಳದಿದ್ದರೂ ಉಳಿದದ್ದನ್ನು ಹೇಳಿದ.

"ನೀವು ಬಾಟ್ಲಿ ಅವ್ರ ಕೈಗೆ ಕೊಟ್ರಲ್ಲ, ಮಾರನೇ ದಿನ ನಾನು ಯಾವಾಗ್ಲಿನ ಹಾಗೇ ಮುರ್ದು ಅರ್ಧ ಚಾಚ್ದೆ. ತಗೊಳ್ಳಲಿಲ್ಲ. ಪೂರ್ತಿ ನುಂಗು ಅಂದ್ರು. ಹಂಗಾದ್ರೆ ನಿಮ್ಗೆ ಅಂದೆ. ಬಾಯ್ ತೆಗಿಯೋ, ಮೇಡಂಗೆ ಮಾತು ಕೊಟ್ಟಿದೀನಿ ಅಂದ್ರು. ನಾಲಿಗೆ ಎತ್ತಿಸಿ ನೋಡಿದ್ರು ಮೇಡಂ. ದಿನಾ ನೋಡಿದ್ರು. ವಾಂತಿ ಮಾಡ್ಕೊಂಡು ಬಂದು ಬಾಯ್ ಒರೆಸ್ಕೊಂಡು ನೋಡೋರು."

ಸಾಂತ್ವನ ಹೇಳುವುದು ನನ್ನ ವೃತ್ತಿ. ನಲವತ್ತು ಬಗೆಯ ವಾಕ್ಯಗಳಿವೆ. ಒಂದನ್ನೂ ಮುಟ್ಟದೆ ಎದುರು ಕುರ್ಚಿಯನ್ನು ಅವನ ಕಡೆ ಸರಿಸಿದೆ.

"ನಾನು ನಿಮ್ಗೆ ಹೇಳ್ಬೇಕಿತ್ತು" ಎಂದ.

ನಾನು ಕೇಳಬೇಕಿತ್ತು ಎಂದೆ.

ಸೆಪ್ಟೆಂಬರ್ ೧೪, ಬುಧವಾರ

ಇದನ್ನು ಎಲ್ಲಿಯೂ ಹೇಳುವಂತಿಲ್ಲ. ವೈದ್ಯರು ಬರೆದ ಔಷಧಿಯನ್ನು ಇನ್ನೊಬ್ಬನಿಗೆ ಕೊಡುವುದು ಸೇನೆಯಲ್ಲಿ ಅಪರಾಧ. ಲ್ಯಾಂಡ್ರಿಯ ಮೇಲೆ ವಿಚಾರಣೆ ನಡೆಯುತ್ತದೆ. ಟಿಡ್‌ವೆಲ್ ಕದ್ದು ಮಾತ್ರೆ ನುಂಗಿ ತುಕಡಿ ನಡೆಸಿದನೆಂದಾಗುತ್ತದೆ. ಅವನದು ಕರ್ತವ್ಯದ ಸಾವಲ್ಲವೆಂದು ಯಾರೋ ಒಬ್ಬ ಅಧಿಕಾರಿ ಬರೆಯುತ್ತಾನೆ. ಊರಿನಲ್ಲಿ ಹೆಂಡತಿ, ಎರಡು ಹೆಣ್ಣುಮಕ್ಕಳು. ನನಗೆ ಏನಾಗುತ್ತದೆ? ಬಹುಶಃ ಏನೂ ಆಗುವುದಿಲ್ಲ. ನಿಯಮದಂತೆ ನಡೆದವಳು ನಾನೊಬ್ಬಳೇ.

ಹಾಗಾಗಿ ಲ್ಯಾಂಡ್ರಿಯನ್ನು ಊರಿಗೆ ಕಳುಹಿಸಲು ಇರುವ ಒಂದೇ ನಿಜವಾದ ಕಾರಣವನ್ನು ನಾನು ಬಾಯಿ ಬಿಟ್ಟು ಹೇಳಲಾರೆ. ಸುಮ್ಮನೆ, ಇವನಿಗೆ ಇನ್ನು ಆಗುವುದಿಲ್ಲ, ಹಿಂದಕ್ಕೆ ಕಳುಹಿಸಿ ಎಂದು ಬರೆದೆ.

ಸೆಪ್ಟೆಂಬರ್ ೧೭, ಶನಿವಾರ

ಒಪ್ಪಲಿಲ್ಲ. ಪ್ರೂಯಿಟ್ ಖುದ್ದಾಗಿ ಬಂದು ತಿಳಿಸಿದರು. ಕಣ್ಣ ಕೆಳಗೆ ಕಪ್ಪು. ಟಿಡ್‌ವೆಲ್‌ನ ಹೆಂಡತಿಯೊಂದಿಗೆ ಫೋನಿನಲ್ಲಿ ಮಾತಾಡಿ ಬಂದಿದ್ದರು. ದ್ವೇಷಿಸಬೇಕೆಂದರೆ ಇವರೂ ಸಿಗುವುದಿಲ್ಲ.

"ಒಬ್ಬನ್ನ ಕಳಿಸಿದ್ರೆ ನಾಳೆ ಇಡೀ ಕಂಪನಿಗೆ ಕಾಲು ಕೆರೆಯತ್ತೆ ಮೇಡಂ. ಅದೂ ಅಲ್ದೆ, ಆವತ್ತು ಆ ಹುಡುಗನ ಕೈ ನಡುಗ್ಲಿಲ್ಲ. ನಾನೇ ನೋಡಿದೀನಿ. ನಿಮ್ಮ ಔಷಧಿ ಕೆಲಸ ಮಾಡ್ತಿದೆ."

ಒಂದು ವಾರ ಪೂರ್ತಿ ಪ್ರಮಾಣ ಒಳಗೆ ಹೋಗಿತ್ತು. ಟಿಡ್‌ವೆಲ್ ನೋಡಿಕೊಂಡಿದ್ದ. ಹೌದು, ಕೆಲಸ ಮಾಡುತ್ತಿದೆ. ನನ್ನ ಜೀವಮಾನದಲ್ಲಿ ಒಂದು ಔಷಧಿಗೆ ಇಂಥ ಪ್ರಮಾಣಪತ್ರ ಸಿಕ್ಕಿರಲಿಲ್ಲ.

ತೋಟ ಬಲ್ಲವರಲ್ಲಿ ಈಗ ಉಳಿದವನು ಲ್ಯಾಂಡ್ರಿ. ಮುಂದಿನ ತಿಂಗಳಿನಿಂದ ಕೋಲು ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವವನು ಅವನೇ ಅಂತೆ.

ಸೆಪ್ಟೆಂಬರ್ ೨೦, ಮಂಗಳವಾರ

ಬೆಳಿಗ್ಗೆ ಹೊಳೆಯಿತು. ಪ್ರಮಾಣ ಬದಲಾಗುತ್ತಿರುವವನು ಗೇಟು ದಾಟುವಂತಿಲ್ಲ. ಏರಿಸುವಾಗ ಮಾತ್ರವಲ್ಲ, ಇಳಿಸುವಾಗಲೂ. ಎಷ್ಟು ನಿಧಾನವಾಗಿ ಇಳಿಸಬೇಕೆಂದು ಯಾರೂ ಬರೆದಿಟ್ಟಿಲ್ಲ; ಅದು ಔಷಧಿ ಕೊಡುವವಳ ವಿವೇಚನೆ. ಈ ಠಾಣೆಯಲ್ಲಿ ನನಗಿರುವ ಅಧಿಕಾರ ಇದೊಂದೇ.

ತುಕಡಿ ಊರಿಗೆ ಮರಳುವುದು ಫೆಬ್ರವರಿಯಲ್ಲಿ. ಫೆಬ್ರವರಿಯವರೆಗೂ ಇಳಿಸುತ್ತೇನೆ. ಚೂರು ಚೂರಾಗಿ. ಬೇಕಾದರೆ ಪುಡಿ ಪುಡಿಯಾಗಿ.

ಪ್ರೂಯಿಟ್‌ಗೆ ತಿಳಿಸಿದೆ. ಔಷಧಿ ಹಿಂತೆಗೆಯುತ್ತಿದ್ದೇನೆ, ಥಟ್ಟನೆ ನಿಲ್ಲಿಸಿದರೆ ತಲೆ ತಿರುಗುತ್ತದೆ, ಗೆರೆ ತಪ್ಪಬಹುದು ಎಂದೆ. ಎಲ್ಲಾ ನಿಜ. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಅರ್ಥವಾಯಿತೆಂದು ನನಗೆ ಅರ್ಥವಾಯಿತು.

"ಸರಿ ಮೇಡಂ. ಹಾಗಾದ್ರೆ ಕೋಲು ಕ್ವಾರ್ಲ್ಸ್ ಹಿಡೀತಾನೆ."

ಬೆದರಿಕೆಯಲ್ಲ. ಕೂಡಿ ಕಳೆದರೆ ಉಳಿಯುವ ಉತ್ತರ, ಅಷ್ಟೇ.

ನಾನು ಸುಮ್ಮನಿದ್ದೆ. ಇಷ್ಟು ಬರೆದಿಡಬೇಕು: ಸುಮ್ಮನಿದ್ದೆ.

ಅಕ್ಟೋಬರ್ ೨, ಭಾನುವಾರ. ಸಂಜೆ

ತರಗತಿಗೆ ಇಬ್ಬರೇ. ಕ್ವಾರ್ಲ್ಸ್ ತರಬೇತಿ ಮುಗಿಸಿ ಬಂದಿದ್ದ, ಬೂಟಿನ ಮೇಲೆಲ್ಲ ಬಿಳಿ ಪೌಡರ್. ಎಳೆಮಗುವಿನ ವಾಸನೆ. ಮೂತ್ರಪಿಂಡದ ಪಾಠ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಲ್ಯಾಂಡ್ರಿ ಅವನ ಕಡೆ ನೋಡಲೇ ಇಲ್ಲ.

ಮುಗಿದ ಮೇಲೆ ಕ್ವಾರ್ಲ್ಸ್ ಹಿಂದೆ ಉಳಿದು, ನಿದ್ದೆಗೆ ಏನಾದ್ರೂ ಇದ್ಯಾ ಮೇಡಂ ಎಂದ. ಯಾವ ನೆಪವನ್ನೂ ಹೂಡಲಿಲ್ಲ. ಕೊಟ್ಟರೆ ಇವನೂ ಎರಡು ವಾರ ಒಳಗೆ. ಕೊಡುತ್ತೇನೆ ಎಂದು ಬಾಯಿ ತೆರೆದೆ. ಅವನೇ ಕೇಳಿದ, ತೆಗೆದುಕೊಂಡರೆ ಗಸ್ತು ತಪ್ಪುತ್ತದೆಯೇ ಎಂದು. ತಪ್ಪುತ್ತದೆ ಎಂದೆ, ಆಸೆಯಿಂದ.

"ಹಂಗಾದ್ರೆ ಬೇಡ ಬಿಡಿ. ನಾನೂ ಕೂತ್ರೆ ಇನ್ನೊಬ್ಬ ಹೋಗ್ಬೇಕು. ನಂಗೆ ಆಮೇಲೆ ಅವ್ನ ಮುಖ ನೋಡೋಕಾಗಲ್ಲ."

ಹತ್ತೊಂಬತ್ತು ವರ್ಷ. ಎಷ್ಟು ಹೇಳಿದರೂ ಕೇಳಲಿಲ್ಲ. ಬಲವಂತವಾಗಿ ಔಷಧಿ ಕೊಡುವ ಅಧಿಕಾರ ನನಗಿಲ್ಲ. ಕೊಡದೆ ಇರುವ ಅಧಿಕಾರವಿದೆ.

ಅಕ್ಟೋಬರ್ ೭, ಶುಕ್ರವಾರ

ಲ್ಯಾಂಡ್ರಿಗೆ ಎಲ್ಲ ತಿಳಿದಿದೆ. ಇವತ್ತು ಬಂದು ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟ. ಧ್ವನಿ ಏರಿಸಲಿಲ್ಲ.

"ನನ್ನ ಉಳಿಸಿ ಅಂತ ನಿಮ್ಮನ್ನ ಯಾರು ಕೇಳಿದ್ರು ಮೇಡಂ?"

ಯಾರೂ ಕೇಳಲಿಲ್ಲ, ನಾನೇ ನಿರ್ಧರಿಸಿದೆ ಎಂದೆ. ನಿನಗೆ ಓದು ಬಾಕಿಯಿದೆ ಎಂದೆ.

"ಡೆಸ್ಮಂಡ್‌ಗೂ ಇದೆ. ಅವ್ನ ಕಾಲೇಜಿಗೂ ನೀವೇ ಬರ್ದುಕೊಟ್ಟಿದೀರಿ. ಅವ್ನು ನನ್ ಜಾಗದಲ್ಲಿ ಹೋಗ್ತಿದಾನೆ. ನಿಮ್ ಮಾತ್ರೆ ಬೇಡ. ನಾನ್ ಸರಿಯಿದೀನಿ ಅಂತ ಬರೀರಿ."

ಇಂದೇ ನಿಲ್ಲಿಸಿದರೆ ನಾಳಿದ್ದಿಗೆ ನಿನ್ನ ತಲೆಯಲ್ಲಿ ಏನಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿದೆ. ಆ ತಲೆ ಹೊತ್ತು ಕೋಲು ಹಿಡಿದರೆ ನಿನ್ನ ಹಿಂದೆ ಬರುವವರನ್ನೆಲ್ಲ ಕೊಲ್ಲುತ್ತೀಯ ಎಂದೆ. ಕ್ರೂರವಾಗಿ ಹೇಳಿದೆ. ಬೇಕೆಂದೇ. ಕೊನೆಗೆ ಬಾಟಲಿಯನ್ನು ಎತ್ತಿಕೊಂಡ. ನನ್ನೆದುರಿಗೇ ಒಂದು ನುಂಗಿದ. ನಾಲಿಗೆಯನ್ನು ತಾನೇ ಎತ್ತಿ ತೋರಿಸಿದ. ನಾನು ನೋಡಿದೆ. ನೋಡಲೇಬೇಕಿತ್ತು.

ಈ ಗೆಲುವನ್ನು ಯಾರಿಗೂ ಹೇಳಲಾರೆ.

ಅಕ್ಟೋಬರ್ ೧೧, ಮಂಗಳವಾರ. ಬೆಳಿಗ್ಗೆ

ಗಸ್ತು ಬೆಳಕು ಹರಿಯುವಾಗಲೇ ಹೊರಟಿದೆ. ಕ್ವಾರ್ಲ್ಸ್ ಮುಂದೆ. ಗೇಟಿನ ಬಳಿ ನಿಂತು ನೋಡಿದೆ. ನನ್ನನ್ನು ಕಂಡು ಕೋಲನ್ನು ಮೀನಿನ ಗಾಳದಂತೆ ಬೀಸಿ ತೋರಿಸಿ ನಕ್ಕ. ನಾನೂ ಕೈ ಬೀಸಿದೆ. ಅಧ್ಯಾಪಕಿಯಂತೆ.

ಲ್ಯಾಂಡ್ರಿ ಆಗಿನಿಂದ ನನ್ನ ಕೋಣೆಯಲ್ಲಿದ್ದಾನೆ. ಎದುರು ಕುರ್ಚಿ. ರೋಗಿಯ ಎದುರು ಬರೆಯಕೂಡದು. ಆದರೂ ಬರೆಯುತ್ತಿದ್ದೇನೆ — ಕೈಗೇನಾದರೂ ಬೇಕು. ಕಾಫಿ ಕೊಟ್ಟೆ, ಮುಟ್ಟಿಲ್ಲ. 'ಸರದಿಯಲ್ಲಿ ಯಾರಿದ್ದಾರೆ' ಎಂದು ಹೊರಗೆ ಯಾರೋ ಕೇಳಿದರು. ನೋಡಬೇಕಾದ ರೋಗಿಗಳು ಯಾರೂ ಇಲ್ಲವೆಂದೆ. ಇದ್ದರು.

ಅವನು ತೋಟದ ದಾರಿಯನ್ನು ಹೇಳುತ್ತಿದ್ದಾನೆ. ನನಗಲ್ಲ, ತನಗೆ. ಈಗ ಒಣಗಿದ ಕಾಲುವೆ ದಾಟಿರ್ತಾರೆ. ಈಗ ಮುರಿದ ಗೋಡೆ. ಅಲ್ಲಿ ಬಲಕ್ಕೆ ಹೋಗಬಾರದು, ನಿನ್ನೆ ಅವನಿಗೆ ಹೇಳಿದೀನಿ, ಎರಡು ಸಲ ಹೇಳಿದೀನಿ. ಈಗ ದೊಡ್ಡ ಮರ.

ಕ್ವಾರ್ಲ್ಸ್ ಚಿಕ್ಕ ಹುಡುಗ. ಇವನೂ ಚಿಕ್ಕವನು. ಫೆಬ್ರವರಿ ಬರಲಿ. ಇಬ್ಬರೂ ಬಿಳಿ ಅಂಗಿ ತೊಟ್ಟು ಯಾವುದೋ ಆಸ್ಪತ್ರೆಯಲ್ಲಿ ನನ್ನ ತಪ್ಪುಗಳನ್ನು ಆಡಿಕೊಂಡು ನಗಲಿ. ಅಷ್ಟೇ ಕೇಳುವುದು...

ಸದ್ದು.

ತೋಟದ ಕಡೆಯಿಂದ. ಕಿಟಕಿ ಅಲುಗಿತು. ದೂರದ್ದಿರಬಹುದು. ಬೇರೆ ಕಣಿವೆಯದ್ದಿರಬಹುದು. ನಮ್ಮವರೇ ಸಿಡಿಸಿದ್ದಿರಬಹುದು, ಹಾಗೂ ಮಾಡುತ್ತಾರೆ. ಪಕ್ಕದ ಕೋಣೆಯಲ್ಲಿ ಸ್ಟ್ರೆಚರ್ ಎಳೆಯುತ್ತಿದ್ದಾರೆ. ರೇಡಿಯೋದಲ್ಲಿ ಯಾರೋ ಒಂದೇ ಸಮನೆ ಮಾತಾಡುತ್ತಿದ್ದಾರೆ, ಹೆಸರು ಕೇಳುತ್ತಿಲ್ಲ.

ಲ್ಯಾಂಡ್ರಿ ಎದ್ದಿದ್ದಾನೆ. ಬಾಗಿಲಲ್ಲಿ ನಿಂತಿದ್ದಾನೆ. ರಕ್ತ ಕಟ್ಟುವ ಪಟ್ಟಿಗಳನ್ನು ಗೋಡೆಯಿಂದ ಎಳೆದುಕೊಂಡಿದ್ದಾನೆ, ಎರಡು ಕೈ ತುಂಬ. ನನ್ನ ಕಡೆ ತಿರುಗಿ —

"ಬರ್ತೀರಾ ಮೇಡಂ, ಇಲ್ಲಾ ಬರೀತಾನೇ ಕೂತಿರ್ತೀರಾ?"